ಹಳಿಗೂ ಹಾದಿಗೂ ಒಂದೇ ಬಂಡಿ

2025ನೆಯ ಇಸವಿಯ ಚೌತಿ ಹಬ್ಬದ ಸಮಯದಲ್ಲಿ ಕೊಂಕಣ ರೈಲ್ವೆಯವರು ಒಂದು ಹೊಸ ಪ್ರಯೋಗಕ್ಕೆ ಕೈಹಾಕಿದರು. ಮಹಾರಾಷ್ಟ್ರದ ಕೋಲಾಡದಿಂದ ಗೋವೆಯ ವೆರ್ಣದ ತನಕ ಖಾಸಗಿ ಮೋಟಾರು ಕಾರುಗಳನ್ನು ರೈಲುಬಂಡಿಯ ಮೇಲೇರಿಸಿ ಸಾಗಿಸುವ ವ್ಯವಸ್ಥೆ ಅದು. ಒಂದು ಸರದಿಗೆ 40 ಕಾರುಗಳು. ಕಾರೊಂದಕ್ಕೆ 7,875 ರೂಪಾಯಿ ಬಾಡಿಗೆ. ಕಾರಿನೊಡನೆ ಹೆಚ್ಚೆಂದರೆ ಮೂವರು, ಅವರ ಟಿಕೆಟು ಬೇರೆ. 16 ಕಾರುಗಳಾದರೂ ಕೂಡದಿದ್ದರೆ ಬಂಡಿ ಹೊರಡದೆಂಬ ನಿಬಂಧನೆ ಮೇಲಿಂದ. ಹಬ್ಬದ ದಿನಗಳಲ್ಲಿ ಹೆದ್ದಾರಿಯ ಮೇಲೆ ಇರುವೆಯ ಸಾಲಿನಂತೆ ನಿಲ್ಲುವ ವಾಹನಗಳ ಸಂದಣಿಯನ್ನು ಕಂಡವರಿಗೆ ಈ ಯೋಜನೆ ಅಸಂಗತವೆನಿಸದು.

ಈ ಸುದ್ದಿಯನ್ನೋದಿದ ಹೋಟೆಲ್ ಕಾರ್ಮಿಕ ಬಂಧುವೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯೇ ಇಂದಿನ ಈ ಲೇಖನಕ್ಕೆ ಕಾರಣ. "ಅಣ್ಣಾ, ಕಾರನ್ನು ಹೊತ್ತು ಸಾಗಿಸುವುದೇಕೆ? ಬಸ್ಸಿಗೇ ಹಳಿಯ ಮೇಲೂ ರಸ್ತೆಯ ಮೇಲೂ ಓಡುವ ಗಾಲಿಯನ್ನು ಹಾಕಿದರಾಗದೇ? ಮುಂಬಯಿಯಲ್ಲಿ ಹತ್ತಿದವನು ನಮ್ಮೂರ ಕಟ್ಟೆಯ ಬಳಿಯೇ ಇಳಿಯಬಹುದಲ್ಲ!" ಎಂದರು ಅವರು. ಸುತ್ತಲಿದ್ದವರು ನಕ್ಕರು. ನಾವು ನಗಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ಆಂಗ್ಲರೂ ಜರ್ಮನರೂ ಅಮೇರಿಕದವರೂ ಜಪಾನೀಯರೂ ತಮಗೆ ತಾವೇ ಹಾಕಿಕೊಂಡಿದ್ದಾರೆ. ಅದಕ್ಕೆ ಉತ್ತರವನ್ನು ಕಂಡುಹಿಡಿಯಲು ಅಪಾರ ಬುದ್ಧಿಯನ್ನೂ ಹಣವನ್ನೂ ವ್ಯಯಿಸಿದ್ದಾರೆ.

ಮೊದಲಾಗಿ ಗಾಲಿಯ ಧರ್ಮವೇನೆಂಬುದನ್ನು ತಿಳಿಯಬೇಕು. ರೈಲಿನ ಗಾಲಿ ಉಕ್ಕಿನದು. ಅದರ ಒಳಮಗ್ಗುಲಲ್ಲಿ ಏಣಿನಂತೆ ಎದ್ದು ನಿಂತ ಅಂಚೊಂದಿದೆ. ಬಂಡಿ ಹಳಿಯಿಂದ ಜಾರದಂತೆ ಕಡೆಯ ಕಾವಲು ಅದರದು. ಗಾಲಿಯ ಮೈ ಸಮತಟ್ಟಲ್ಲ, ಒಳಗಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ ಸಣ್ಣದಾಗುತ್ತ ಹೋಗುತ್ತದೆ. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದವು. ಒಂದು ತಿರುಗಿದಷ್ಟೇ ಇನ್ನೊಂದೂ ತಿರುಗಲೇಬೇಕು. ತಿರುವು ಬಂದಾಗ ಗಾಲಿಗಳ ಜೋಡಿ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಹೊರಗಿನ ಗಾಲಿ ತನ್ನ ದೊಡ್ಡ ಸುತ್ತಳತೆಯ ಮೇಲೂ ಒಳಗಿನದು ಸಣ್ಣ ಸುತ್ತಳತೆಯ ಮೇಲೂ ಉರುಳುತ್ತವೆ. ಚಾಲಕನು ಚುಕ್ಕಾಣಿ ಹಿಡಿಯಬೇಕಾಗಿಲ್ಲ, ಬಂಡಿ ತಾನಾಗಿಯೇ ದಾರಿಯನ್ನು ಅನುಸರಿಸುತ್ತದೆ.

ರಸ್ತೆಯ ಗಾಲಿಯಾದರೋ ಇದಕ್ಕೆ ತದ್ವಿರುದ್ಧ. ಅದು ಗಾಳಿ ತುಂಬಿದ ರಬ್ಬರಿನದು. ಕಲ್ಲು ಗುಂಡಿಗಳನ್ನು ನುಂಗಿಕೊಳ್ಳಬೇಕು, ಟಾರನ್ನು ಹಿಡಿದು ನಿಲ್ಲಬೇಕು, ಚಾಲಕನು ತಿರುಗಿಸಿದತ್ತ ತಿರುಗಬೇಕು, ತಿರುವಿನಲ್ಲಿ ಎಡಬಲದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕು. ಉಕ್ಕಿನ ಗಾಲಿಯನ್ನು ರಸ್ತೆಗಿಳಿಸಿದರೆ ಅದರ ಅಂಚು ಟಾರನ್ನು ನೇಗಿಲಿನಂತೆ ಸೀಳೀತು. ರಬ್ಬರಿನ ಗಾಲಿಯನ್ನು ಹಳಿಗೇರಿಸಿದರೆ ಸುಮಾರು 7 ಸೆಂಟಿಮೀಟರು ಅಗಲದ ಉಕ್ಕಿನ ಪಟ್ಟಿಯ ಮೇಲೆ ಅದನ್ನು ನಿಲ್ಲಿಸುವವರು ಯಾರು? ಮೇಲಾಗಿ ಉಕ್ಕಿನ ಮೇಲೆ ಉಕ್ಕು ಉರುಳುವಾಗ ಶಕ್ತಿಯ ವ್ಯಯ ಬಹು ಅಲ್ಪ. ಒಂದು ಇಂಜಿನು ಸಾವಿರಾರು ಟನ್ನುಗಳನ್ನು ಎಳೆಯುವ ರಹಸ್ಯ ಅದೇ. ರಬ್ಬರನ್ನು ಹಳಿಗೆ ತಂದರೆ ಆ ಲಾಭದ ಬಹುಪಾಲು ಕೈಬಿಟ್ಟಂತೆಯೇ.

ಆದುದರಿಂದ ಎರಡಕ್ಕೂ ಸಲ್ಲುವ ಒಂದೇ ಗಾಲಿಯನ್ನು ಮಾಡಲು ಹೊರಟವರು ಕೊನೆಗೆ ಎರಡು ಜೊತೆ ಗಾಲಿಗಳಿಗೇ ಬಂದು ಮುಟ್ಟಿದರು. ಇಡ್ಲಿಯ ಪಾತ್ರೆಯಲ್ಲಿ ದೋಸೆ ಹುಯ್ಯಲಾಗದು, ಕಾವಲಿಯ ಮೇಲೆ ಇಡ್ಲಿ ಬೇಯಿಸಲಾಗದು. ಎರಡೂ ಬೇಕೆಂದರೆ ಎರಡನ್ನೂ ಇಟ್ಟುಕೊಳ್ಳಬೇಕು. ಆದರೆ ಎರಡನ್ನೂ ಸದಾ ಹೊತ್ತು ತಿರುಗಬೇಕೆಂದಾಗಲೇ ತೊಡಕು ಆರಂಭವಾಗುವುದು.

ಚರಿತ್ರೆಯತ್ತ ಕಣ್ಣು ಹಾಯಿಸೋಣ. 1932ರಲ್ಲಿ ಇಂಗ್ಲೆಂಡಿನ ಎಲ್.ಎಂ.ಎಸ್. ರೈಲ್ವೆ ಕಂಪೆನಿ ಕ್ಯಾರಿಯರ್ ಎಂಬ ಮೋಟಾರು ತಯಾರಕರಿಂದ 'ರೋ-ರೈಲರ್' ಎಂಬ ಬಸ್ಸನ್ನು ಮಾಡಿಸಿತು. ಉಕ್ಕಿನ ಗಾಲಿಯ ಹೊರಮಗ್ಗುಲಲ್ಲಿ ಟಾಯರಿನ ಗಾಲಿ. ಹಳಿಗೆ ಬಂದಾಗ ಟಾಯರನ್ನು ಮೇಲಕ್ಕೆತ್ತಿ ಬಿಗಿಯುವ ಯುಕ್ತಿ. ನಮ್ಮ ವೃತ್ತಿಯವರಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದಿದೆ: ಈ ಬಸ್ಸು ಹುಟ್ಟಿದ್ದೇ ಒಂದು ಹೋಟೆಲಿಗಾಗಿ! ಬ್ಲಿಸ್‌ವರ್ತ್ ನಿಲ್ದಾಣದಿಂದ ಸ್ಟ್ರಾಟ್‌ಫರ್ಡಿನ ತನಕ ಹಳಿಯ ಮೇಲೆ ಓಡಿ, ಅಲ್ಲಿಂದ ರಸ್ತೆಗಿಳಿದು, ಆ ಕಂಪೆನಿಯೇ ನಡೆಸುತ್ತಿದ್ದ ವೆಲ್ಕಂ ಹೋಟೆಲಿನ ಬಾಗಿಲಿಗೇ ಗಿರಾಕಿಗಳನ್ನು ತಂದಿಳಿಸುವುದು ಅದರ ಕೆಲಸ. ಆದರೆ ಕೆಲವೇ ತಿಂಗಳುಗಳಲ್ಲಿ ಆ ಬಸ್ಸನ್ನು ಸೇವೆಯಿಂದ ಹಿಂದೆಗೆದುಕೊಳ್ಳಬೇಕಾಯಿತು.

ಮಹಾಯುದ್ಧದ ಬಳಿಕ ಜರ್ಮನರು ಬೇರೊಂದು ದಾರಿ ಹಿಡಿದರು. ಬಸ್ಸು ಉಕ್ಕಿನ ಗಾಲಿಗಳನ್ನು ಹೊತ್ತು ತಿರುಗುವುದು ಬೇಡ, ಅವು ನಿಲ್ದಾಣದಲ್ಲೇ ಇರಲಿ ಎಂದರು. ಬಸ್ಸು ನಿಲ್ದಾಣಕ್ಕೆ ಬಂದಾಗ ಅದರ ಹಿಂದೆ ಮುಂದೆ ಒಂದೊಂದು ಪುಟ್ಟ ಉಕ್ಕಿನ ಬಂಡಿಯನ್ನು ಸೇರಿಸಿ ಹಳಿಗೆ ಬಿಡುವುದು ಅವರ ಕ್ರಮ. ಇಂತಹ 15 ಬಸ್ಸುಗಳು 1953ರಿಂದ ಓಡಿದವು; 1967ರಲ್ಲಿ ಕಡೆಯದೂ ನಿಂತಿತು. ಬದಲಾವಣೆಯಾಗುವ ಪ್ರತಿಯೊಂದು ಠಾವಿನಲ್ಲಿಯೂ ಬಂಡಿಗಳನ್ನು ಸಿದ್ಧವಾಗಿಟ್ಟಿರಬೇಕು, ಜೋಡಿಸುವ ಆಳುಗಳಿರಬೇಕು. ರಸ್ತೆಗಳು ಸುಧಾರಿಸಿದಂತೆ ಈ ಖಟಪಟಿ ಯಾರಿಗೂ ಬೇಡವಾಯಿತು.

ಅಮೇರಿಕದವರು ಜನರನ್ನು ಬಿಟ್ಟು ಸರಕಿನ ಗಾಡಿಗಳಲ್ಲಿ ಇದನ್ನು ಪ್ರಯೋಗಿಸಿದರು. 1950ರ ದಶಕದಲ್ಲಿಯೇ ಆರಂಭವಾದ 'ರೋಡ್‌ರೈಲರ್' ಎಂಬ ಲಾರಿಗಾಡಿಗೆ ಮೊದಲು ಎರಡು ಬಗೆಯ ಗಾಲಿಗಳೂ ಇದ್ದವು. ಉಕ್ಕಿನ ಗಾಲಿಗಳ ತೂಕವನ್ನು ರಸ್ತೆಯುದ್ದಕ್ಕೂ ಸುಮ್ಮನೆ ಹೊತ್ತೊಯ್ಯುವುದೆಂದರೆ ಅಷ್ಟು ಸರಕನ್ನು ಬಿಟ್ಟುಕೊಟ್ಟಂತೆ. ಆದುದರಿಂದ ಮುಂದೆ ಅವರೂ ಉಕ್ಕಿನ ಗಾಲಿಗಳನ್ನು ಬೇರ್ಪಡಿಸಿ ರೈಲ್ವೆ ಅಂಗಳದಲ್ಲೇ ಇರಿಸಿದರು. 1986ರಿಂದ ನಡೆದುಬಂದ ಟ್ರಿಪಲ್ ಕ್ರೌನ್ ಸೇವೆಯನ್ನು 2024ರಲ್ಲಿ ನಿಲ್ಲಿಸಲಾಯಿತು. ಪೆಟ್ಟಿಗೆಯನ್ನೇ ಎತ್ತಿ ರೈಲಿನ ಮೇಲಿಡುವ ಕಂಟೇನರಿನ ಪದ್ಧತಿ ಅದಕ್ಕಿಂತ ಅಗ್ಗವಾಗಿ ಪರಿಣಮಿಸಿತ್ತು.

ಹಾಗಾದರೆ ಇದು ಎಲ್ಲಿಯೂ ಕೈಗೂಡಲಿಲ್ಲವೇ? ಒಂದು ಕಡೆ ಕೈಗೂಡಿದೆ. ಜಪಾನಿನ ಶಿಕೊಕು ದ್ವೀಪದ ಕಡಲಂಚಿನಲ್ಲಿ ಆಸಾ ಕೋಸ್ಟ್ ಎಂಬ ಪುಟ್ಟ ರೈಲ್ವೆಯಿದೆ. 2021ರ ಡಿಸೆಂಬರ್ 25ರಂದು ಅಲ್ಲಿ ಎರಡು ಬಗೆಯ ಬಸ್ಸುಗಳು ನಿತ್ಯಸೇವೆಗೆ ಬಂದವು. ಸುಮಾರು ಇಪ್ಪತ್ತು ಮಂದಿ ಹಿಡಿಸುವ ಸಣ್ಣ ಬಸ್ಸು ಅದು. ಹಳಿಯ ಮೇಲೆ ಬಂದು ನಿಂತೊಡನೆ ಹೊಟ್ಟೆಯಡಿಯಿಂದ ಉಕ್ಕಿನ ಗಾಲಿಗಳು ಇಳಿಯುತ್ತವೆ. ಮುಂದಿನ ಟಾಯರುಗಳು ಅಂತರದಲ್ಲಿ ನಿಲ್ಲುತ್ತವೆ. ಹಿಂದಿನ ಜೋಡಿ ಟಾಯರುಗಳಲ್ಲಿ ಒಳಗಿನವು ಮಾತ್ರ ಹಳಿಗೆ ತಾಗಿಕೊಂಡು ಬಂಡಿಯನ್ನು ತಳ್ಳುತ್ತವೆ. ಅಂದರೆ ಉಕ್ಕು ದಾರಿ ತೋರಿಸುತ್ತದೆ, ರಬ್ಬರು ದುಡಿಯುತ್ತದೆ. ಈ ವೇಷ ಬದಲಾವಣೆಗೆ ಹಿಡಿಯುವ ಸಮಯ ಸುಮಾರು 15 ಸೆಕೆಂಡು ಮಾತ್ರ!

ಆದರೆ ಈ 15 ಸೆಕೆಂಡುಗಳ ಹಿಂದೆ ಎಷ್ಟು ವರ್ಷಗಳ ತಪಸ್ಸಿದೆಯೆಂಬುದನ್ನು ವಾಚಕರು ಗಮನಿಸಬೇಕು. ಮೊದಲು ಈ ವಾಹನವನ್ನು ರೂಪಿಸಿದ್ದು ಉತ್ತರದ ಹೊಕ್ಕೈಡೊ ರೈಲ್ವೆ. 2004ರಲ್ಲಿ ಮಾದರಿ ಸಿದ್ಧವಾಯಿತು, 2007ರಲ್ಲಿ ಪ್ರವಾಸಿಗರನ್ನು ಕೂರಿಸಿ ಪರೀಕ್ಷಿಸಿದ್ದೂ ಆಯಿತು. ಅಷ್ಟರಲ್ಲಿ ತನ್ನ ಮಾಮೂಲು ರೈಲುಗಳಲ್ಲಿಯೇ ಅಪಘಾತಗಳು ಸಂಭವಿಸಲು, ಇದ್ದ ಹಣವನ್ನು ಸುರಕ್ಷತೆಗೆ ವಿನಿಯೋಗಿಸಬೇಕೆಂದು ಆ ಸಂಸ್ಥೆ ಯೋಜನೆಯನ್ನೇ ಕೈಬಿಟ್ಟಿತು. ಶಿಕೊಕುವಿನಲ್ಲಿ ಕೂಡ ಮುಂದಿನ ಉಕ್ಕಿನ ಗಾಲಿಯನ್ನು ಹಿಡಿದಿರುವ ತೋಳಿನ ಬಲ ಸಾಲದೆಂದು ಪರೀಕ್ಷಕರು ತಡೆದುದರಿಂದ ಆರಂಭ ತಿಂಗಳುಗಟ್ಟಲೆ ಮುಂದೆ ಹೋಯಿತು. ಚಾಲಕನಿಗೆ ರೈಲಿನದೊಂದು, ಬಸ್ಸಿನದೊಂದು, ಹೀಗೆ ಎರಡು ಪರವಾನಗಿಗಳಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಆ ಸುಮಾರು 10 ಕಿಲೋಮೀಟರು ಹಳಿಯ ಮೇಲೆ ಬೇರಾವ ರೈಲೂ ಓಡಕೂಡದು. ಬಸ್ಸಿನ ತೆಳುವಾದ ಮೈ ರೈಲಿನ ಡಿಕ್ಕಿಯನ್ನು ತಡೆದುಕೊಳ್ಳಲಾರದು. ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ರೈಲಿನ ಇರವನ್ನು ಅರಿಯುವ ಸಿಗ್ನಲು ವ್ಯವಸ್ಥೆಗೆ ಇಷ್ಟು ಹಗುರವಾದ ಬಂಡಿ ತಪ್ಪದೆ ಗೋಚರಿಸುತ್ತದೆಂಬ ಭರವಸೆಯೂ ಇಲ್ಲ.

ಜನಸಂಖ್ಯೆ ಇಳಿಯುತ್ತಿರುವ, ರೈಲು ತುಂಬಿಸಲು ಜನರೇ ಇಲ್ಲದ ನಾಡಿಗೆ ಅದು ಯೋಗ್ಯ. ಭೂಕಂಪ, ಕಡಲುಬ್ಬರಗಳ ಭಯವಿರುವಲ್ಲಿ ಹಳಿ ಕಡಿದರೆ ರಸ್ತೆಯಿಂದಲೂ ರಸ್ತೆ ಕಡಿದರೆ ಹಳಿಯಿಂದಲೂ ಹೋಗಬಹುದೆಂಬ ಅನುಕೂಲವೂ ಉಂಟು. ನಮ್ಮ ಕಷ್ಟವಾದರೋ ಅದಕ್ಕೆ ವಿಪರೀತವಾದುದು. ನಮ್ಮಲ್ಲಿ ಜನರಿದ್ದಾರೆ, ರೈಲಿನಲ್ಲಿ ಎಡೆಯಿಲ್ಲ. ಕೊಂಕಣದ ದಾರಿಯ ಬಹುಭಾಗ ಇಂದಿಗೂ ಒಂಟಿ ಹಳಿಯದು. ಸಾವಿರಕ್ಕೂ ಮೇಲ್ಪಟ್ಟು ಪ್ರಯಾಣಿಕರಿರುವ ರೈಲನ್ನು ಬದಿಗೆ ನಿಲ್ಲಿಸಿ ಇಪ್ಪತ್ತು ಮಂದಿಯ ಬಸ್ಸಿಗೆ ಹಾದಿ ಬಿಡುವುದು ನ್ಯಾಯವೇ? ಊಟದ ಹೊತ್ತಿನಲ್ಲಿ ಇಡೀ ಪಂಕ್ತಿಯನ್ನು ಎಬ್ಬಿಸಿ ಒಬ್ಬನಿಗೆ ಎಲೆ ಹಾಕಿದಂತಾದೀತು. ನಮ್ಮ ದೇಶದಲ್ಲಿಯೂ ಹಳಿಗೂ ಹಾದಿಗೂ ಸಲ್ಲುವ ವಾಹನಗಳಿವೆ; ಆದರೆ ಅವು ಹಳಿ ಮತ್ತು ವಿದ್ಯುತ್ ತಂತಿಗಳ ದುರಸ್ತಿಯ ಕೆಲಸಕ್ಕೆ ಇಟ್ಟವು. ಅಲ್ಲಿ ಅವು ಸಾರ್ಥಕವೇ ಆಗಿವೆ.

ಗಾಲಿಯ ಗೊಡವೆಯಿಲ್ಲದೆ ಇದೇ ಕಾರ್ಯವನ್ನು ಸಾಧಿಸಿದ ಉದಾಹರಣೆ ನಮ್ಮ ಕೊಂಕಣ ರೈಲ್ವೆಯಲ್ಲೇ ಇದೆ. 1999ರ ಜನವರಿ 26ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿಗೇರಿಸುವ ವ್ಯವಸ್ಥೆ ಕೋಲಾಡ–ವೆರ್ಣಗಳ ನಡುವೆ ಆರಂಭವಾಯಿತು. ಅನಂತರ ಅದು ನಮ್ಮ ಸುರತ್ಕಲ್ಲಿನ ತನಕ ವಿಸ್ತರಿಸಿತು. ಲಾರಿ ತನ್ನ ಟಾಯರಿನ ಮೇಲೆಯೇ ಇರುತ್ತದೆ, ರೈಲು ತನ್ನ ಉಕ್ಕಿನ ಗಾಲಿಯ ಮೇಲೆಯೇ ಓಡುತ್ತದೆ. ಎರಡು ದೋಣಿಗಳ ಮೇಲೆ ಕಾಲಿಡುವ ಅಪಾಯವಿಲ್ಲ.

ಲಾರಿಗೆ ವ್ಯವಸ್ಥೆಯಾಯಿತು, 2025ರಲ್ಲಿ ಕಾರಿಗೂ ಆಯಿತು. ಕಾರೂ ಇಲ್ಲದ, ಲಾರಿಯೂ ಇಲ್ಲದ, ಕೈಯಲ್ಲೊಂದು ಪೆಟ್ಟಿಗೆ ಮಾತ್ರ ಇರುವವನಿಗೆ? ನಾವು ಗಲ್ಲೆಯ ಮೇಲೆ ಕೂರುವುದಕ್ಕೆ ಮುಂಚೆ ಮೇಜು ಒರೆಸಿದವರು. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಳ್ಳುವ ಮೊದಲು ಊರಿಗೆ ಹೋಗಲು ಹಗಲಿರುಳು ಬಸ್ಸಿನಲ್ಲಿ ಕುಲುಕಾಡಿದವರು. ರೈಲು ಬಂದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಮೊದಲ ಸಲ ರೈಲಿನಲ್ಲಿ ಊರಿಗೆ ಹೋದಾಗ ನಸುಕಿನಲ್ಲಿ ನಿಲ್ದಾಣವೊಂದರಲ್ಲಿ ಇಳಿದು, ಪೇಟೆಯ ಬಸ್ಸಿಗಾಗಿ ಎರಡು ತಾಸು ಕಾದು, ಕಡೆಗೆ ರಿಕ್ಷಾದವನು ಕೇಳಿದಷ್ಟನ್ನು ಕೊಟ್ಟೆವು. ತಾಯಿಗೆಂದು ತೆಗೆದಿರಿಸಿದ್ದ ಹಣದಿಂದ ಅದನ್ನು ಕೊಡಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಇಂದಿಗೂ ಕಾರ್ಮಿಕ ಬಂಧುಗಳಿಂದ ನಾವು ಕೇಳುವ ಮಾತು ಇದೇ: ನೂರಾರು ಮೈಲಿಯ ರೈಲು ಪ್ರಯಾಣಕ್ಕಿಂತ ಕಡೆಯ ಇಪ್ಪತ್ತು ಮೈಲಿಯೇ ದುಬಾರಿ.

ಆದುದರಿಂದ ಆ ಬಂಧುವಿನ ಪ್ರಶ್ನೆ ಗಾಲಿಯ ಪ್ರಶ್ನೆಯಾಗಿ ತೋರಿದರೂ ನಿಜಕ್ಕೂ ಅದು ವೇಳಾಪಟ್ಟಿಯ ಪ್ರಶ್ನೆ. ಬಸ್ಸು ಹಳಿಯನ್ನೇರಬೇಕಾಗಿಲ್ಲ, ರೈಲು ಬರುವ ಹೊತ್ತಿಗೆ ನಿಲ್ದಾಣದ ಬಾಗಿಲಲ್ಲಿ ಬಂದು ನಿಂತರೆ ಸಾಕು. ರೈಲು ತಡವಾದರೆ ಬಸ್ಸು ಕಾಯಬೇಕು. ಮುಂಬಯಿಯಲ್ಲಿ ಕೊಳ್ಳುವ ಟಿಕೆಟು ಕಾರ್ಕಳಕ್ಕೋ ಕುಂದಾಪುರಕ್ಕೋ ಸಲ್ಲುವಂತಿರಬೇಕು. ಇದಕ್ಕೆ ಹೊಸ ಗಾಲಿ ಬೇಡ, ಪರದೇಶದ ಇಂಜಿನಿಯರರೂ ಬೇಡ. ಕೊಂಕಣ ರೈಲ್ವೆಯನ್ನು ಕಟ್ಟುವಾಗ ಕರ್ನಾಟಕ ಸರಕಾರ ನೂರಕ್ಕೆ 15ರಷ್ಟು ಪಾಲು ಹಾಕಿತ್ತು. ಸರಕಾರಿ ಬಸ್ಸುಗಳೂ ಅದರ ಕೈಯಲ್ಲಿವೆ, ಖಾಸಗಿ ಬಸ್ಸುಗಳಿಗೆ ಪರವಾನಗಿ ಸಿಗುವುದೂ ಅದರ ಅಧಿಕಾರಿಗಳಿಂದಲೇ. ಇಷ್ಟಿದ್ದೂ ರೈಲಿನ ಗಡಿಯಾರಕ್ಕೂ ಬಸ್ಸಿನ ಗಡಿಯಾರಕ್ಕೂ ಗಂಟು ಹಾಕಲಾಗದೆಂದರೆ ಅದನ್ನು ಯಂತ್ರಶಾಸ್ತ್ರದ ಕೊರತೆಯೆನ್ನಲು ನಾವು ಸಿದ್ಧರಿಲ್ಲ.

ಮುಂಬಯಿ, ಪುಣೆಗಳಲ್ಲಿ ನಮ್ಮ ಸಂಘಸಂಸ್ಥೆಗಳಿಗೆ ಕೊರತೆಯಿಲ್ಲ. ವಾರ್ಷಿಕೋತ್ಸವದ ವೇದಿಕೆಗೆ ಮಂತ್ರಿಗಳು ಬಂದಾಗ ಹಾರದೊಡನೆ ಒಂದು ಮನವಿಪತ್ರವನ್ನೂ ಕೊಡಲಿ. ಅದರಲ್ಲಿ ಅದ್ಭುತಗಳನ್ನು ಬೇಡುವುದು ಬೇಡ. ಯಾವ ರೈಲು ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಬರುತ್ತದೆ, ಅಲ್ಲಿಂದ ಯಾವ ಊರಿಗೆ ಬಸ್ಸು ಬೇಕು, ಇಷ್ಟನ್ನು ಪಟ್ಟಿ ಮಾಡಿದರೆ ಸಾಕು. ಆ ಪಟ್ಟಿಗೆ ಬೇಕಾದ ವಿವರಗಳನ್ನು ನಮ್ಮ ವಾಚಕರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಮ್ಮ ಊರು, ಇಳಿಯುವ ನಿಲ್ದಾಣ, ಕಾಯಬೇಕಾದ ಹೊತ್ತು, ಇವನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಿದರೆ ಅವನ್ನು ಒಟ್ಟುಗೂಡಿಸಿ ಸಂಬಂಧಪಟ್ಟವರ ಮುಂದಿಡುವ ಹೊಣೆ ನಮ್ಮದು.