ಭಾರ ಎತ್ತಿದರೆ ಕಬಡ್ಡಿ ಆಟಗಾರರ ಚುರುಕು ಕಡಿಮೆಯಾಗುತ್ತದೆಯೇ?

“ಕಬಡ್ಡಿ, ಫುಟ್‌ಬಾಲ್ ಆಡುವವರು ಭಾರ ಎತ್ತಬಾರದು, ಮೈ ಬಿಗಿದುಕೊಂಡು ವೇಗ ಹೋಗುತ್ತದೆ.” ಈ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ?

ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ರೈಡ್‌ಗೆ ಸಿಗುವುದು 30 ಸೆಕೆಂಡ್. ಇಷ್ಟು ಸಣ್ಣ ಜಾಗದಲ್ಲಿ ಮುನ್ನುಗ್ಗಿದ ರೈಡರ್, ಪಾಯಿಂಟ್ ಸಿಕ್ಕ ಕೂಡಲೇ ಹಿಂದಕ್ಕೆ ತಿರುಗಬೇಕು. ತಿರುಗುವ ಮುನ್ನ ಅವರು ತಮ್ಮದೇ ದೇಹಕ್ಕೆ ಬ್ರೇಕ್ ಹಾಕಬೇಕು. ಆ ಬ್ರೇಕ್ ಇರುವುದು ತೊಡೆ ಮತ್ತು ಪೃಷ್ಠದ ಸ್ನಾಯುಗಳಲ್ಲಿ. ಸ್ಕ್ವಾಟ್, ಲಂಜ್‌ನಂತಹ ವ್ಯಾಯಾಮಗಳು ಬಲಪಡಿಸುವುದು ಇವನ್ನೇ.

ಹಾಗಾದರೆ ಜಿಗಿತದ ಅಭ್ಯಾಸ ಏಕೆ? ಇದನ್ನು ಪ್ಲೈಯೊಮೆಟ್ರಿಕ್ಸ್ ಎನ್ನುತ್ತಾರೆ. ನೆಲಕ್ಕೆ ಕಾಲು ತಗುಲಿದಾಗ ಸ್ನಾಯು ಮತ್ತು ಅದನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು ರಬ್ಬರ್ ಬ್ಯಾಂಡಿನಂತೆ ಹಿಗ್ಗಿ, ಮರುಕ್ಷಣ ಕುಗ್ಗಿ ದೇಹವನ್ನು ಚಿಮ್ಮಿಸುತ್ತವೆ. ವೇಗದ ಜಿಗಿತಗಳಲ್ಲಿ ಕಾಲು ನೆಲದ ಮೇಲಿರುವುದು 0.25 ಸೆಕೆಂಡಿಗಿಂತಲೂ ಕಡಿಮೆ. ಬಲವಿದ್ದರೆ ಸಾಲದು, ಅದು ಇಷ್ಟರಲ್ಲೇ ಹೊರಬರಬೇಕು. ಜಿಗಿತ ಕಲಿಸುವುದು ಅದನ್ನೇ.

ಇದು ಬರೀ ವೇಗದ ಪ್ರಶ್ನೆಯಲ್ಲ. ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ಯಾರೋ ಗುದ್ದಿದಾಗಲ್ಲ. ಆಟಗಾರರು ತಾವಾಗಿಯೇ ಗಕ್ಕನೆ ನಿಂತಾಗ, ತಿರುಗಿದಾಗ, ನೆಲಕ್ಕಿಳಿದಾಗ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಓಟ, ಬಲ, ಸಮತೋಲನ ಮತ್ತು ಜಿಗಿತ ಸೇರಿದ ಸುಮಾರು 20 ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ತೀವ್ರ ಗಾಯಗಳು ಇನ್ನೂ ಹೆಚ್ಚು ತಗ್ಗಿದವು. ಅದಕ್ಕೆ ಜಿಮ್ ಬೇಕಿರಲಿಲ್ಲ, ದೇಹದ ತೂಕವೇ ಸಾಕಾಗಿತ್ತು.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ? ಕಠಿಣ ತಾಲೀಮಿನ ಮರುದಿನ ಕಾಲು ಭಾರವೆನಿಸುವುದು ನಿಜ. ಅದು ದಣಿವು, ವಿಶ್ರಾಂತಿಯಿಂದ ಹೋಗುತ್ತದೆ. ಆದ್ದರಿಂದ ಪಂದ್ಯದ ಹಿಂದಿನ ದಿನ ಭಾರೀ ತಾಲೀಮು ಬೇಡ. ಆಟ ಬಿಟ್ಟು ಮೈ ದಪ್ಪಗಾಗಿಸುವುದನ್ನೇ ಗುರಿ ಮಾಡಿಕೊಂಡರೆ ಹೆಚ್ಚುವರಿ ತೂಕ ಹೊರೆಯಾಗಲೂಬಹುದು. ಇನ್ನು, ಎದುರಾಳಿಯ ನಡೆಯನ್ನು ಊಹಿಸುವ ಕಣ್ಣು ಬರುವುದು ಅಂಕಣದಲ್ಲೇ ಹೊರತು ಜಿಮ್‌ನಲ್ಲಲ್ಲ.

ಶುರು ಮಾಡುವವರು ತರಬೇತುದಾರರ ಕಣ್ಣೆದುರು, ಕಡಿಮೆ ಭಾರದಿಂದ ಆರಂಭಿಸಲಿ. ಎತ್ತರಕ್ಕೆ ಹಾರುವ ಮೊದಲು ಮಂಡಿ ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವುದನ್ನು ಕಲಿಯಲಿ. ಮಂಡಿ ನೋವಿದ್ದರೆ ಮೊದಲು ವೈದ್ಯರನ್ನು ಕಾಣಲಿ.

ಒಟ್ಟಿನಲ್ಲಿ, ಸರಿಯಾಗಿ ಮಾಡಿದ ಬಲ ತರಬೇತಿ ಆಟಗಾರರನ್ನು ನಿಧಾನಗೊಳಿಸುವುದಿಲ್ಲ. ಈ ಫಾರ್ವರ್ಡ್ ಮತ್ತೆ ಬಂದರೆ, ಮುಂದಕ್ಕೆ ಕಳುಹಿಸದೆ ಅಲ್ಲೇ ಬ್ರೇಕ್ ಹಾಕಿ.