ನ್ಯೂಟ್ರಲ್ ಬೇರೆ, ಅರ್ತ್ ಬೇರೆ

ಹಿಟ್ಟು ರುಬ್ಬುವ ಗ್ರೈಂಡರ್, ನೀರು ಕಾಯಿಸುವ ಗೀಸರ್, ಬಟ್ಟೆ ಒಗೆಯುವ ಯಂತ್ರ ಇವು ನಮ್ಮ ಗಡಿನಾಡಿನ ಸಣ್ಣ ಊರುಗಳ ಮನೆಗಳನ್ನೂ ಸೇರಿವೆ. ಮೂರೂ ನೀರಿನ ಸಂಗಡ ಕೆಲಸ ಮಾಡುವಂಥವು. ಮೂರನ್ನೂ ಒದ್ದೆ ಕೈಯಿಂದ, ಬರಿಗಾಲಿನಲ್ಲಿ ನಿಂತು ಮುಟ್ಟುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಆದಕಾರಣ ಇವುಗಳ ಪ್ಲಗ್ಗಿನ ಮೂರನೆಯ ಕಡ್ಡಿಯ ವಿಷಯವನ್ನು ವಯರ್‌ಮನ್ನನಿಗೇ ಬಿಟ್ಟುಬಿಡದೆ ಮನೆಯವರೂ ತಿಳಿದಿರುವುದು ಲೇಸು.

ಸಾಕೆಟ್ಟಿಗೆ ಬರುವ ತಂತಿಗಳಲ್ಲಿ ಫೇಸ್ ಎಂಬುದು 230 ವೋಲ್ಟಿನ ವಿದ್ಯುತ್ತನ್ನು ತರುತ್ತದೆ. ನ್ಯೂಟ್ರಲ್ ಆ ಪ್ರವಾಹವನ್ನು ಹಿಂದಕ್ಕೆ ಒಯ್ಯುತ್ತದೆ. ಯಂತ್ರ ಓಡಲು ಇವೆರಡೇ ಸಾಕು. ಮೂರನೆಯದಾದ ಅರ್ತ್ ತಂತಿಯು ಯಂತ್ರದ ಲೋಹದ ಮೈಯನ್ನು ನೆಲದೊಡನೆ ಜೋಡಿಸುತ್ತದೆ. ಒಳಗಿನ ತಂತಿಯ ಹೊದಿಕೆ ಸವೆದು ಫೇಸ್ ಮೈಗೆ ತಗುಲಿದ ದಿನ, ಈ ತಂತಿ ಪ್ರವಾಹವನ್ನು ನೆಲಕ್ಕೆ ಸೆಳೆದು ಫ್ಯೂಸು ಹಾರುವಂತೆ ಮಾಡುತ್ತದೆ. ಪ್ಲಗ್ಗಿನಲ್ಲಿ ಆ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು ಅದು ಮೊದಲು ಸೇರಿ ಕಡೆಗೆ ಬಿಡಲೆಂದೇ.

ಅರ್ತ್ ಗುಂಡಿ ಇಲ್ಲದ ಮನೆಗಳಲ್ಲಿ ಕೆಲವರು ಒಂದು ಉಪಾಯ ಮಾಡುವುದುಂಟು. ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಅರ್ತ್ ರಂಧ್ರಕ್ಕೂ ನಡುವೆ ಒಂದು ತುಂಡು ತಂತಿ ಸೇರಿಸಿಬಿಡುತ್ತಾರೆ. ಬಲ್ಬು ಹಿಡಿದು ನೋಡಿದರೆ ಉರಿಯುತ್ತದೆ; ಎಲ್ಲವೂ ಸರಿಯೆಂದು ತೋರುತ್ತದೆ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ಲಿಗೆ ನೆಲದ ಸಂಬಂಧವಿರುವುದರಿಂದಲೇ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ. ಆದರೆ ದಾರಿಯಲ್ಲಿ ಎಲ್ಲಿಯಾದರೂ ನ್ಯೂಟ್ರಲ್ ತುಂಡಾದರೆ, ಹಿಂದಿರುಗಲಾರದ ವಿದ್ಯುತ್ತು ಆ ತುಂಡು ತಂತಿಯ ಮೂಲಕ ಯಂತ್ರದ ಮೈಗೇ ಬರುತ್ತದೆ. ಯಂತ್ರ ನಿಂತಿರುತ್ತದೆ, ಕರೆಂಟು ಹೋಯಿತೆಂದು ಭಾವಿಸಿ ಕೈಯಿಟ್ಟವರ ಗತಿ ಏನು? ಫೇಸೂ ನ್ಯೂಟ್ರಲ್ಲೂ ಅದಲುಬದಲಾಗಿ ಜೋಡಣೆಯಾಗಿದ್ದರಂತೂ ಮೈಯಲ್ಲಿ ನೇರವಾಗಿ 230 ವೋಲ್ಟು ನಿಂತಿರುತ್ತದೆ.

ಇದು ನಮ್ಮ ಹಳ್ಳಿಗಳ ಅಜಾಗರೂಕತೆ ಮಾತ್ರವಲ್ಲ. ಅಮೆರಿಕದಲ್ಲಿ ವಿದ್ಯುತ್ ಒಲೆಗೂ ಬಟ್ಟೆ ಒಣಗಿಸುವ ಯಂತ್ರಕ್ಕೂ ಎರಡು ಜೀವಂತ ತಂತಿ, ಒಂದು ನ್ಯೂಟ್ರಲ್ ಹೀಗೆ ಮೂರೇ ತಂತಿ ಎಳೆದು, ನ್ಯೂಟ್ರಲ್ಲನ್ನೇ ಯಂತ್ರದ ಮೈಗೂ ಜೋಡಿಸಲು ಅಲ್ಲಿಯ ನಿಯಮವೇ ಅನುಮತಿ ಕೊಟ್ಟಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸಲೆಂದು ಬಂದ ವಿನಾಯಿತಿ ಅದು. ಅವರ ವಿದ್ಯುತ್ ಸಂಹಿತೆಯ 1996ರ ಆವೃತ್ತಿಯು ಹೊಸ ವಯರಿಂಗಿಗೆ ಅದನ್ನು ನಿಲ್ಲಿಸಿ, ಅರ್ತ್‌ಗೆಂದೇ ನಾಲ್ಕನೆಯ ತಂತಿಯನ್ನು ಕಡ್ಡಾಯ ಮಾಡಿತು. ಹಳೆಯ ಮನೆಗಳಲ್ಲಿ ಮೂರು ತಂತಿಯ ಸಾಕೆಟ್ಟು ಇನ್ನೂ ಉಳಿದಿದೆ. ಅಲ್ಲಿ ನೆಲೆಸಿದ ಮಕ್ಕಳಿಗೆ ಒಂದು ಮಾತು ಬರೆದು ತಿಳಿಸಿರಿ: ಯಂತ್ರಕ್ಕೆ ನಾಲ್ಕು ತಂತಿಯ ಹುರಿ ಹಾಕಿಸುವಾಗ, ಒಳಗೆ ನ್ಯೂಟ್ರಲ್ಲನ್ನು ಮೈಗೆ ಸೇರಿಸಿರುವ ಪಟ್ಟಿಯನ್ನು ತೆಗೆಸಲೇಬೇಕು.

ನಮ್ಮಲ್ಲಿ ತ್ರೀ-ಫೇಸ್ ಸಂಪರ್ಕ ಪಡೆದ ಮನೆಗೆ ಕಂಬದಿಂದ ನಾಲ್ಕು ತಂತಿ ಬರುತ್ತವೆ. ನಾಲ್ಕನೆಯದೇ ಅರ್ತ್ ಎಂದು ತಿಳಿಯಬಾರದು. ಅವು ಮೂರು ಫೇಸು, ಒಂದು ನ್ಯೂಟ್ರಲ್. ಮನೆಯಂಗಳದ ಅರ್ತ್ ಗುಂಡಿಯಿಂದ ಬರುವ ತಂತಿ ಐದನೆಯದು.

ಗುಂಡಿಯಿದ್ದರೂ ಅದು ಒಣಗಿದರೆ ಪ್ರಯೋಜನ ಕಡಿಮೆ. ನೆಲದ ಪ್ರತಿರೋಧ 5 ಓಮ್ ಇದ್ದರೆ 46 ಆಂಪಿಯರ್ ಹರಿದು ಫ್ಯೂಸು ಹಾರೀತು. 50 ಓಮ್ ಆದರೆ ಹರಿಯುವುದು 4.6 ಆಂಪಿಯರ್ ಮಾತ್ರ, 16 ಆಂಪಿಯರಿನ ಫ್ಯೂಸು ಅಲುಗುವುದಿಲ್ಲ. ಸೊಲ್ಲಾಪುರ, ಜತ್, ಆದವಾನಿ, ರಾಯದುರ್ಗಗಳಂಥ ಬಯಲುಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇದ್ದಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಿರಿ. ಅದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿರಿ. ಅಷ್ಟು ಅಲ್ಪ ಪ್ರವಾಹ ನೆಲಕ್ಕೆ ಸೋರಿದರೂ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು.

ಸಾಕೆಟ್ಟನ್ನು ತಾವೇ ಬಿಚ್ಚಲು ಹೋಗಬೇಡಿ. ಪರವಾನಗಿಯುಳ್ಳ ವಯರ್‌ಮನ್ನನನ್ನೇ ಕರೆಸಿರಿ. ಆತ ಮರಾಠಿಯವನಿರಲಿ, ತೆಲುಗಿನವನಿರಲಿ, ಮಲಯಾಳಿಯಿರಲಿ, ಅರ್ತ್ ತಂತಿಯ ಹಸಿರು ಬಣ್ಣ ಎಲ್ಲರಿಗೂ ಒಂದೇ. ಆ ಹಸಿರು ತಂತಿ ನಿಜವಾಗಿಯೂ ಅಂಗಳದ ಗುಂಡಿಯವರೆಗೆ ಹೋಗಿದೆಯೇ ಎಂದು ಕೇಳಿ, ತೋರಿಸಿಕೊಳ್ಳಿರಿ. ಗೀಸರಿನ ಬೆಲೆಯ ಮುಂದೆ ಆ ತಂತಿಯ ವೆಚ್ಚ ಅತ್ಯಲ್ಪ.