ಕೂಲಿಯ ಚೀಟಿಯಲ್ಲಿ ಅಂಕಿಯೂ ಇರಲಿ, ಅಕ್ಷರವೂ ಇರಲಿ



ದುಡಿದು ತಿನ್ನುವವನಿಗೆ ಎರಡು ವಿದ್ಯೆ ಬೇಕು. ಒಂದು ಕೈಕಸುಬು, ಇನ್ನೊಂದು ಲೆಕ್ಕ. ಕಸುಬನ್ನು ನಾವು ಹೇಗೋ ಕಲಿಯುತ್ತೇವೆ. ಒಲೆಯ ಮುಂದೆ ನಿಂತು, ಮಗ್ಗದ ಮುಂದೆ ನಿಂತು, ಬೈಸಿಕೊಂಡಾದರೂ ಕಲಿಯುತ್ತೇವೆ. ಲೆಕ್ಕವನ್ನು ಮಾತ್ರ ‘ಅದು ಗಲ್ಲಾದ ಮೇಲೆ ಕುಳಿತವರ ಕೆಲಸ’ ಎಂದು ಬಿಟ್ಟುಬಿಡುತ್ತೇವೆ. ತಿಂಗಳ ಕೊನೆಗೆ ನೋಟು ಎಣಿಸಿ ಜೇಬಿಗಿಡುತ್ತೇವೆಯೇ ಹೊರತು, ಅಷ್ಟೇ ನೋಟು ಏಕೆ ಬಂತು ಎಂದು ಕೇಳುವುದಿಲ್ಲ. ಲೆಕ್ಕ ಕೇಳಬೇಕಾದರೆ ಮೊದಲು ಅಂಕಿ ಓದಲು ಬರಬೇಕು. ಆದುದರಿಂದ ಈ ಸಲ ಅಂಕಿಗಳ ವಿಚಾರವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಾವು ದುಡಿಯುವ ಬೇಗಂ ಬಜಾರ್ ನಿಜಾಮರ ಕಾಲದಿಂದಲೂ ಸಗಟು ವ್ಯಾಪಾರದ ಪೇಟೆ. ಇಲ್ಲಿ ಮಾರ್ವಾಡಿ, ಗುಜರಾತಿ, ಉರ್ದು, ತೆಲುಗು ಎಲ್ಲವೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗನಿಗೆ ಮಾತು ಬೇಗ ಬರುತ್ತದೆ, ಸಂಖ್ಯೆ ಬೇಗ ಬರುವುದಿಲ್ಲ. ಕಾರಣವಿದೆ. ಕನ್ನಡದಲ್ಲಿ ಐವತ್ತೊಂಬತ್ತು ಎಂದರೆ ಐವತ್ತೂ ಕೇಳಿಸುತ್ತದೆ, ಒಂಬತ್ತೂ ಕೇಳಿಸುತ್ತದೆ. ಹಿಂದಿ, ಉರ್ದುವಿನಲ್ಲಿ ಅದು ‘ಉನ್‌ಸಠ್’, ಅಂದರೆ ಅರವತ್ತಕ್ಕೆ ಒಂದು ಕಡಿಮೆ. ‘ಡೇಢ್’ ಎಂದರೆ ಒಂದೂವರೆ, ‘ಢಾಯಿ’ ಎಂದರೆ ಎರಡೂವರೆ. ‘ಸವಾ’ ಎಂದರೆ ಕಾಲು ಹೆಚ್ಚು, ‘ಪೌನೇ’ ಎಂದರೆ ಕಾಲು ಕಡಿಮೆ. ‘ಪೌನೇ ದೋ ಸೌ’ ಎಂದು ಕೇಳಿದವನು ‘ದೋ ಸೌ’ ಎಂಬುದನ್ನಷ್ಟೇ ಹಿಡಿದುಕೊಂಡರೆ ಇನ್ನೂರು ಎಂದು ತಿಳಿಯುತ್ತಾನೆ. ನಿಜವಾಗಿ ಅದು ನೂರೆಪ್ಪತ್ತೈದು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂದೆ ಬಂದ ಒಂದು ವ್ಯಾಜ್ಯವನ್ನೇ ಹೇಳುತ್ತೇವೆ. ಅಡುಗೆ ಕೆಲಸಕ್ಕೆ ಸೇರಿದ ಒಬ್ಬ ಸಂಗಾತಿಗೆ ಮಾಲೀಕರು ‘ಪೌನೇ ಚೌದಾ ಹಜಾರ್’ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಆತನ ಕಿವಿಗೆ ಬಿದ್ದದ್ದು ಹದಿನಾಲ್ಕು ಸಾವಿರ. ಕೈಗೆ ಬರುತ್ತಿದ್ದದ್ದು ೧೩,೭೫೦. ತಿಂಗಳಿಗೆ ೨೫೦ ರೂಪಾಯಿ ಯಾರೋ ನುಂಗುತ್ತಿದ್ದಾರೆಂದು ಆತ ಆರು ತಿಂಗಳು ಒಳಗೊಳಗೇ ಕುದಿದ. ಆತನ ಎಣಿಕೆಯಂತೆ ಬಾಕಿ ೧,೫೦೦ ಆಯಿತು. ಕೊನೆಗೊಂದು ದಿನ ಜಗಳವಾಗಿ ಕೆಲಸವೂ ಹೋಯಿತು. ಮಾಲೀಕರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಸಂಗಾತಿಯೂ ಸುಳ್ಳು ಹೇಳಿದವನಲ್ಲ. ಸುಳ್ಳಿಲ್ಲದೆಯೂ ಒಬ್ಬನ ಅನ್ನ ಹೋಯಿತಲ್ಲ, ಅದೇ ಯೋಚಿಸಬೇಕಾದ ಸಂಗತಿ. ಒಂದು ಚೀಟಿ ಇದ್ದಿದ್ದರೆ, ಅದರಲ್ಲಿ ಆತನಿಗೆ ತಿಳಿಯುವ ಭಾಷೆಯಲ್ಲಿ ಒಂದು ಸಾಲು ಇದ್ದಿದ್ದರೆ, ಮೊದಲ ತಿಂಗಳೇ ಮಾತು ಮುಗಿಯುತ್ತಿತ್ತು.

ಬರೆದ ಅಂಕಿಯೂ ಕಣ್ಣನ್ನು ಏಮಾರಿಸಬಲ್ಲದು. ನಾಗರಿಯ ಒಂದು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ. ನಾಗರಿಯ ನಾಲ್ಕು ಇಂಗ್ಲಿಷಿನ ಎಂಟರಂತೆ. ಉರ್ದುವಿನಲ್ಲಿ ಸೊನ್ನೆ ಎಂದರೆ ಬರಿ ಚುಕ್ಕಿ. ಅಲ್ಲಿಯ ಏಳನ್ನು ತಲೆಕೆಳಗು ಮಾಡಿದರೆ ಎಂಟು. ನಮ್ಮ ಕನ್ನಡದಲ್ಲಿಯೇ ೬ ಮತ್ತು ೯ ಅವಸರದ ಕೈಬರಹದಲ್ಲಿ ಅವಳಿಜವಳಿಯಾಗುತ್ತವೆ. ಆದರೆ ಹೆದರಬೇಕಾಗಿಲ್ಲ. ವೇಷ ಬೇರೆಯಾದರೂ ಇವೆಲ್ಲ ಒಂದೇ ಮನೆತನದವು. ಎಲ್ಲದರಲ್ಲಿಯೂ ಹತ್ತೇ ಗುರುತು, ಎಲ್ಲದರಲ್ಲಿಯೂ ಬಿಡಿ, ಹತ್ತು, ನೂರು ಎಂಬ ಸ್ಥಾನ. ಬಲದಿಂದ ಎಡಕ್ಕೆ ಬರೆಯುವ ಉರ್ದುವಿನಲ್ಲಿಯೂ ಸಂಖ್ಯೆಯ ದೊಡ್ಡ ಸ್ಥಾನ ಎಡಗಡೆಯೇ ಇರುತ್ತದೆ. ಹತ್ತು ಗುರುತು ಕಲಿತರೆ ಲಕ್ಷದವರೆಗೂ ಓದಬಹುದು. ಒಂದು ವಾರದ ಕೆಲಸ ಅದು.

ಈ ಮನೆತನ ನಮಗೆ ದೂರದ್ದೂ ಅಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಬರುವ ರೈಲು ಹಾದಿಯಲ್ಲಿ ಮಳಖೇಡ ರೋಡ್ ನಿಲ್ದಾಣವನ್ನು ನಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ. ಆ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ. ಆತನ ಕಾಲದಲ್ಲಿ, ಸುಮಾರು ೮೫೦ನೆಯ ಇಸವಿಯ ಹೊತ್ತಿಗೆ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಕೊಡುವಾಗ ಆತ ಸಂಗೀತ, ವೈದ್ಯಗಳ ಜೊತೆಗೆ ಅಡುಗೆಯ ಶಾಸ್ತ್ರವನ್ನೂ ಸೇರಿಸಿದ್ದಾನೆ. ಹೋಟೆಲಿನ ಸಂಗಾತಿಗಳು ಇದನ್ನು ನೆನಪಿಡಬೇಕು. ಹೈದರಾಬಾದಿನ ಕನ್ನಡಿಗರು ಕಾಚಿಗುಡದಲ್ಲಿ ಕಟ್ಟಿದ ಶಾಲೆಗೆ ಆ ನೃಪತುಂಗನ ಹೆಸರನ್ನೇ ಇಟ್ಟರು.

ಇಂಗ್ಲಿಷ್ ಅಂಕಿ ಎಂದು ನಾವು ಕರೆಯುವುದು ಕೂಡ ಹುಟ್ಟಿನಿಂದ ಇಂಗ್ಲಿಷಿನದಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಹಿಂದೂಸ್ತಾನದ ಲೆಕ್ಕದ ಕ್ರಮವನ್ನು ಕುರಿತು ಬರೆದ. ಪೀಸಾ ಪಟ್ಟಣದ ಲಿಯೊನಾರ್ಡೊ ೧೨೦೨ರಲ್ಲಿ ತನ್ನ ಪುಸ್ತಕದಿಂದ ಅದನ್ನು ಇಟಲಿಯ ವರ್ತಕರಿಗೆ ತಿಳಿಸಿದ. ನಮ್ಮ ಸಂವಿಧಾನದ ೩೪೩ನೆಯ ವಿಧಿಯೂ ಇವನ್ನು ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದೇ ಕರೆದಿದೆ. ಹೋದವು, ವೇಷ ಬದಲಿಸಿಕೊಂಡು ಮರಳಿ ಬಂದವು, ಅಷ್ಟೇ.

ಹಾಗಾದರೆ ಕಷ್ಟ ಎಲ್ಲಿದೆ? ಲೆಕ್ಕ ಬರೆಯುವವನಿಗೆ ಮಾತ್ರ ಅಂಕಿ ತಿಳಿದು, ಹಣ ಕೊಡುವವನಿಗೂ ಪಡೆಯುವವನಿಗೂ ತಿಳಿಯದಿದ್ದಾಗ ಕಷ್ಟ. ಮೊಗಲರ ಮತ್ತು ನಿಜಾಮರ ಕಚೇರಿಗಳಲ್ಲಿ ಕಂದಾಯದ ಲೆಕ್ಕಕ್ಕೆ ‘ಸಿಯಾಖ್’ ಅಥವಾ ‘ರಕಂ’ ಎಂಬ ಬರಹವಿತ್ತು. ಅದರಲ್ಲಿ ಸ್ಥಾನದ ಲೆಕ್ಕವಿಲ್ಲ. ಅರಬ್ಬಿಯ ಸಂಖ್ಯಾಪದಗಳನ್ನೇ ಮುರಿದು, ಮಡಚಿ ಗುರುತು ಮಾಡಿಕೊಂಡಿದ್ದರು. ಪಳಗಿದ ಗುಮಾಸ್ತ ಓದಬಲ್ಲ, ಕಂದಾಯ ಕಟ್ಟುವ ರೈತ ಓದಲಾರ. ತನ್ನ ಬಾಕಿ ಎಷ್ಟೆಂದು ತಿಳಿಯಲು ಆತ ಗುಮಾಸ್ತನ ಬಾಯನ್ನೇ ನೋಡಬೇಕಾಗಿತ್ತು.

ಲೆಕ್ಕದ ಪದ್ಧತಿ ಬದಲಾದಾಗಲೂ ಬಡವನೇ ಎಚ್ಚರವಾಗಿರಬೇಕು. ೧೯೫೭ರ ಏಪ್ರಿಲ್ ೧ರಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. ಆಣೆಗೆ ಆರೂಕಾಲು ಪೈಸೆ ಬೀಳುತ್ತದೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಎಂದು ಸರ್ಕಾರ ಪಟ್ಟಿ ಮಾಡಿತು. ನಾಲ್ಕಾಣೆಯನ್ನು ಒಟ್ಟಿಗೆ ಪಡೆದವನಿಗೆ ೨೫ ಪೈಸೆ, ಒಂದೊಂದಾಣೆಯಾಗಿ ನಾಲ್ಕು ಸಲ ಪಡೆದವನಿಗೆ ೨೪. ಪಟ್ಟಿ ಓದಿದವನಿಗಷ್ಟೇ ಇದು ಕಂಡೀತು.

ಇನ್ನು ಅಕ್ಷರದ ಮಾತಿಗೆ ಬರೋಣ. ಅಂಕಿಯನ್ನು ತಿದ್ದುವುದು ಸುಲಭ. ೫೦೦ರ ಹಿಂದೆ ಒಂದು ೧ ಬರೆದರೆ ೧೫೦೦ ಆಗುತ್ತದೆ, ಮುಂದೆ ಒಂದು ಸೊನ್ನೆ ಇಟ್ಟರೆ ೫೦೦೦ ಆಗುತ್ತದೆ. ‘ಐನೂರು ರೂಪಾಯಿ ಮಾತ್ರ’ ಎಂದು ಬರೆದುದನ್ನು ಹಾಗೆ ತಿದ್ದಲಾಗದು. ೧೨೯೯ರಲ್ಲಿ ಫ್ಲಾರೆನ್ಸ್ ಪಟ್ಟಣದ ಹಣದ ವ್ಯಾಪಾರಿಗಳ ಸಂಘವು ತನ್ನವರು ಲೆಕ್ಕದ ಪುಸ್ತಕದಲ್ಲಿ ಹೊಸ ಅಂಕಿಗಳನ್ನು ಬಳಸದೆ ಅಕ್ಷರದಲ್ಲಿಯೇ ಮೊತ್ತ ಬರೆಯಬೇಕೆಂದು ಕಟ್ಟು ಮಾಡಿತ್ತು. ನಮ್ಮ ದೇಶದ ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೧೮ನೆಯ ಕಲಮೂ ಹೇಳುವುದು ಅದನ್ನೇ. ಚೆಕ್ಕಿನಲ್ಲಿ ಅಂಕಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಅಕ್ಷರದ ಮಾತೇ ನಡೆಯುತ್ತದೆ. ಸಾಹುಕಾರರ ಚೆಕ್ಕಿಗೆ ಈ ಕಾವಲು ಬೇಕಾದರೆ, ಪಾತ್ರೆ ತೊಳೆಯುವವನ ಸಂಬಳಕ್ಕೆ ಬೇಡವೇ?

‘ನಾಲ್ಕಾರು ಭಾಷೆಯವರು ಕೆಲಸ ಮಾಡುವಲ್ಲಿ ಇದು ಆಗದ ಮಾತು’ ಎಂದು ಕೆಲವರು ಹೇಳುತ್ತಾರೆ. ಅಂಥವರಿಗೆ ಜೇಬಿನ ನೋಟನ್ನು ತಿರುಗಿಸಿ ತೋರಿಸಿ. ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳಲ್ಲಿ ಅದರ ಬೆಲೆ ಅಕ್ಷರದಲ್ಲಿದೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಉರ್ದುವಿನಲ್ಲಿಯೇ ಆಡಳಿತ ನಡೆಸಿದ ನಿಜಾಮರ ಸರ್ಕಾರವೂ ತನ್ನ ನೋಟಿನ ಮೇಲೆ ಕನ್ನಡ, ತೆಲುಗು, ಮರಾಠಿಗಳಲ್ಲಿ ಬೆಲೆಯನ್ನು ಅಚ್ಚು ಮಾಡಿಸಿತ್ತು. ಬೀದರ್, ಗುಲ್ಬರ್ಗ, ರಾಯಚೂರುಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಯ ಪ್ರಜೆಗಳಿಗೆ ನೋಟು ತಿಳಿಯಬೇಡವೇ? ನೋಟಿಗೆ ಆಗುವುದು ಸಂಬಳದ ಚೀಟಿಗೆ ಏಕಾಗದು? ೧೯೩೬ರ ವೇತನ ಪಾವತಿ ಕಾಯಿದೆಯೇ ತನ್ನ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ, ಕಾರ್ಖಾನೆಯ ಹೆಚ್ಚು ಮಂದಿ ಕೆಲಸಗಾರರ ಭಾಷೆಯಲ್ಲಿಯೂ ತೂಗುಹಾಕಬೇಕೆಂದು ಹೇಳಿತ್ತು. ಅದರ ಜಾಗಕ್ಕೆ ಬಂದಿರುವ ೨೦೧೯ರ ವೇತನ ಸಂಹಿತೆಯು ಪ್ರತಿಯೊಬ್ಬ ಮಾಲೀಕರೂ ಕೆಲಸಗಾರರಿಗೆ ವೇತನದ ಚೀಟಿ ಕೊಡಬೇಕು ಎನ್ನುತ್ತದೆ. ಚೀಟಿ ಕೇಳುವುದು ಜಗಳವಲ್ಲ, ಕಾನೂನಿನ ಮಾತು.

ನಮ್ಮವರಲ್ಲಿಯೇ ಎರಡು ಅಭಿಪ್ರಾಯಗಳಿವೆ. ಕನ್ನಡ ಅಂಕಿಯನ್ನೇ ಬರೆಯಬೇಕು, ಬೇರೆಯದನ್ನು ಮುಟ್ಟಬಾರದು ಎನ್ನುವವರು ಕೆಲವರು. ಅವರ ಅಭಿಮಾನಕ್ಕೆ ನಮ್ಮ ನಮಸ್ಕಾರ. ಆದರೆ ಗಲ್ಲಾದವರಿಗೆ ತಿಳಿಯದ ಅಂಕಿಯಲ್ಲಿ ಲೆಕ್ಕ ಇಟ್ಟರೆ, ರೈತನಿಗೆ ತಿಳಿಯದ ರಕಂ ಬರೆದ ಗುಮಾಸ್ತನ ಕೆಲಸವನ್ನೇ ನಾವೂ ಮಾಡಿದಂತಾಗುತ್ತದೆ. ಮೊಬೈಲಿನ ಕಾಲದಲ್ಲಿ ಕನ್ನಡ ಅಂಕಿ ಯಾಕೆ ಬೇಕು ಎನ್ನುವವರು ಇನ್ನು ಕೆಲವರು. ಅದೂ ಸರಿಯಲ್ಲ. ಈ ಲೇಖನದ ಇಸವಿಗಳನ್ನು ಕನ್ನಡ ಅಂಕಿಯಲ್ಲಿಯೇ ಬರೆದಿದ್ದೇವೆ; ಓದುವಾಗ ೭ಕ್ಕೂ ೨ಕ್ಕೂ ತಡವರಿಸಿದವರಿದ್ದರೆ ನಾಚಬೇಕಿಲ್ಲ, ಮಕ್ಕಳ ಜೊತೆ ಕುಳಿತು ಕಲಿಯಲಿ. ಅಜ್ಜನ ಪತ್ರ, ಊರಿನ ಹಳೆಯ ಕಾಗದಪತ್ರ ಓದಲಾದರೂ ಅದು ಬೇಕು. ಮನೆಯ ಅಂಕಿಯನ್ನು ಉಳಿಸಿಕೊಳ್ಳೋಣ, ಪೇಟೆಯ ಅಂಕಿಯನ್ನು ಕಲಿತುಕೊಳ್ಳೋಣ. ಎರಡಕ್ಕೂ ಜಗಳವಿಲ್ಲ.

ಆದುದರಿಂದ ಸಂಗಾತಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಬಾಯಿಮಾತಿನ ಸಂಬಳಕ್ಕೆ ಒಪ್ಪಿ ಕೆಲಸಕ್ಕೆ ನಿಲ್ಲಬೇಡಿ. ಸಂಬಳವಾಗಲಿ ಮುಂಗಡವಾಗಲಿ, ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸಿಕೊಳ್ಳಿ. ಅಕ್ಷರ ನಿಮಗೆ ತಿಳಿಯುವ ಭಾಷೆಯಲ್ಲಿರಲಿ. ಮಾಲೀಕರಿಗೆ ಕನ್ನಡ ಬಾರದಿದ್ದರೆ ಆ ಒಂದು ಸಾಲನ್ನು ನೀವೇ ಬರೆದು ಅವರ ರುಜು ಪಡೆಯಿರಿ. ರುಜು ಹಾಕುವ ಮೊದಲು ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿ. ಮಿಲ್ಲಿನಲ್ಲಿ ಗಜದ ಲೆಕ್ಕಕ್ಕೆ ಕೂಲಿ ಪಡೆಯುವವರು ಗಜವನ್ನೂ ದರವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಹಿಂದಿಯಲ್ಲಿ ಒಂದರಿಂದ ನೂರರವರೆಗೆ, ಮೇಲೆ ಸವಾ, ಡೇಢ್, ಪೌನೇ, ಢಾಯಿ, ಇಷ್ಟನ್ನು ಹೊಸ ಹುಡುಗರಿಗೆ ಹಳಬರು ಕಲಿಸಿಕೊಡಿ. ಹೋಟೆಲು ಮುಚ್ಚಿದ ಮೇಲಿನ ಅರ್ಧ ಗಂಟೆ ಸಾಕು. ನಮ್ಮ ಬೆವರಿನ ಲೆಕ್ಕವನ್ನು ನಾವೇ ಓದುವಂತಾಗಲಿ.